ಮಗನನ್ನ "ಡಿಫೆನ್ಸ್‌ಗೆ ಚಿಕ್ಕವನು" ಅಂತ ಕೈಬಿಟ್ರು. ಐಸ್ ಹಾಕಿ ಆಟಗಾರ ಕೇಲ್ ಮಕಾರ್ ಶುರುವಿನ ದಿನಗಳು ಗೊತ್ತಿರೋರು ಹೇಳಿ

ಚಾಮರಾಜಪೇಟೆ ಅಪ್ಪ — ಶನಿವಾರ ರಾತ್ರಿ

ಎಲ್ರಿಗೂ ನಮಸ್ಕಾರ. ಈ ಗುಂಪಲ್ಲಿ ಕ್ರಿಕೆಟ್ ಬಿಟ್ಟು ಬೇರೆ ಆಟದ ಬಗ್ಗೆ ನಾನು ಬರೀತಿರೋದು ಇದೇ ಮೊದಲು.

ನಾವಿರೋದು ಟೊರೊಂಟೊ ಪಕ್ಕ ಮಿಸ್ಸಿಸಾಗಾದಲ್ಲಿ. ಮಗನಿಗೆ 13 ವರ್ಷ. ಏಳನೇ ವಯಸ್ಸಿಂದ ಐಸ್ ಹಾಕಿ ಆಡ್ತಿದಾನೆ, ಡಿಫೆನ್ಸ್‌ನಲ್ಲಿ. ನಾನು ಗಲ್ಲಿಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವನು, ಈ ಆಟದ ನಿಯಮ ನನಗೆ ಹೇಳಿಕೊಟ್ಟಿದ್ದೇ ಅವನು. ಈ ಸಲ ಮೇಲಿನ ಹಂತದ ತಂಡದ ಆಯ್ಕೆಯಲ್ಲಿ ಕೈಬಿಟ್ರು. ಕೋಚ್ ಹೇಳಿದ್ದು ಇಷ್ಟೇ: ಸ್ಕೇಟಿಂಗ್ ಚೆನ್ನಾಗಿದೆ, ಆದ್ರೆ ಡಿಫೆನ್ಸ್‌ಗೆ ಮೈಕಟ್ಟು ಸಾಲದು. ಕಾರಲ್ಲಿ ಮನೆ ಮುಟ್ಟೋ ತನಕ ಹುಡುಗ ಹೆಲ್ಮೆಟ್ ತೆಗೀಲಿಲ್ಲ. ಒಳಗೆ ಅಳ್ತಿದಾನೆ ಅಂತ ನನಗೂ ಗೊತ್ತು, ನನಗೆ ಗೊತ್ತು ಅಂತ ಅವನಿಗೂ ಗೊತ್ತು.

ಈಗ ಎರಡು ದಾರಿ ಇದೆ. ಒಂದು, ಕೆಳಗಿನ ಹಂತದ ತಂಡ. ಅಲ್ಲಿ ಇವನೇ ಮೊದಲ ಜೋಡಿಯಲ್ಲಿ ಆಡ್ತಾನೆ. ಇನ್ನೊಂದು, ಒಂದು ಖಾಸಗಿ ಅಕಾಡೆಮಿ. ಅವರು ಕೇಳಿದ ದುಡ್ಡಲ್ಲಿ ಊರಲ್ಲಿ ಅಮ್ಮನ ಮನೆಗೆ ಮೇಲೊಂದು ಮಹಡಿ ಎಬ್ಬಿಸಬಹುದು. "ನಮ್ಮಲ್ಲಿಗೆ ಸ್ಕೌಟ್‌ಗಳು (ದೊಡ್ಡ ತಂಡಗಳಿಗೆ ಹುಡುಗರನ್ನ ಹುಡುಕೋರು) ಬರ್ತಾರೆ" ಅನ್ನೋದೇ ಅವರ ದೊಡ್ಡ ಮಾತು.

ರಿಂಕ್‌ನಲ್ಲಿ ಇನ್ನೊಬ್ಬ ಹುಡುಗನ ತಂದೆ ಬೆನ್ನು ತಟ್ಟಿ, "ಮಕಾರ್ ಕೂಡ ಆ ವಯಸ್ಸಲ್ಲಿ ಪುಟಾಣಿ ಕಣಪ್ಪ, ಯಾರೂ ಕೇಳೋರಿರಲಿಲ್ಲ" ಅಂದ್ರು. ಎನ್‌ಎಚ್‌ಎಲ್ ಅಂತ ಇಲ್ಲಿನ ಅತಿ ದೊಡ್ಡ ಐಸ್ ಹಾಕಿ ಲೀಗ್‌ನಲ್ಲಿ ಡೆನ್ವರ್‌ನ ಅವಲಾಂಚ್ ತಂಡಕ್ಕೆ ಡಿಫೆನ್ಸ್ ಆಡೋ ಮಕಾರ್ ಬಗ್ಗೆ. ಸಮಾಧಾನಕ್ಕೆ ಹೇಳಿದ್ದೋ ನಿಜವೋ? ಅವನು ಹೇಗೆ ಮೇಲೆ ಬಂದ ಅಂತ ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳ್ತೀರಾ?

———

ಚಳಿಯಲ್ಲಿ ಧಾರವಾಡ — ಶನಿವಾರ ರಾತ್ರಿ

ಸರ, ನಿಮ್ಮ ಗೆಳೆಯ್ರು ಹೇಳಿದ್ದರಾಗ ಮುಕ್ಕಾಲು ನಿಜ ಐತಿ. ನಾ ಕ್ಯಾಲ್ಗರಿಗೆ ಬಂದು 19 ವರ್ಷ ಆತು. ಮಕಾರ್ ನಮ್ಮೂರ ಹುಡುಗ, ಹಂಗಾಗಿ ಈ ಪುರಾಣ ನಮಗ ಬಾಯಿಪಾಠ.

ಹುಟ್ಟಿದ್ದು 1998ರ ಅಕ್ಟೋಬರ್ 30, ಕ್ಯಾಲ್ಗರಿಯೊಳಗ. ಸಣ್ಣವಿದ್ದಾಗಿಂದ ನಮ್ಮೂರ ಎನ್‌ಎಚ್‌ಎಲ್ ತಂಡ ಫ್ಲೇಮ್ಸ್ ಅಭಿಮಾನಿ. ಇಲ್ಲೆ ಪಶ್ಚಿಮ ಕೆನಡಾದೊಳಗ ಹುಡುಗರು 14-15 ವರ್ಷದವರಿದ್ದಾಗನ ಮೇಜರ್ ಜೂನಿಯರ್ (ಹದಿಹರೆಯದ ಹುಡುಗರ ಮ್ಯಾಲಿನ ಹಂತದ ಲೀಗ್) ತಂಡಗಳು ಅವರನ್ನ ಆರಿಸಿ ಹೆಸರು ಹಚ್ಚಿ ಇಟ್ಟುಕೋತಾವ. 2013ರಾಗ ಇಂವನ ಪಾಳಿ ಬಂತು. ಮೆಡಿಸಿನ್ ಹ್ಯಾಟ್ ಟೈಗರ್ಸ್ ತಂಡದವರು ಇಂವನ್ನ ತುಗೊಂಡಿದ್ದು ಎಂಟನೇ ಸುತ್ತಿನಾಗ. ಎಂಟನೇ ಸುತ್ತು ಅಂದ್ರ ತಿಳೀತಲ್ರಿ? ಮದುವಿ ಊಟದಾಗ ಕಡೀ ಪಂಕ್ತಿ. ಹೋಳಿಗಿ ಖಾಲಿ ಆಗಿರ್ತದ, ಸಾರು ತೆಳ್ಳಗ ಆಗಿರ್ತದ.

ಅಂದ್ರ "ಯಾರೂ ಕೇಳೋರಿರಲಿಲ್ಲ" ಅನ್ನೂದು ಪೂರಾ ಖರೆ ಅಲ್ಲ. ಕೇಳಿದ್ರು, ಆದ್ರ ಸಾವಕಾಶ ಕೇಳಿದ್ರು.

ಇಲ್ಲೇ ಖರೇ ಕಥಿ ಐತಿ ನೋಡ್ರಿ. ಇಂವ ಆ ದಾರಿ ಹಿಡೀಲೇ ಇಲ್ಲ. ಅವಾಗಿನ ನಿಯಮದ ಪ್ರಕಾರ ಮೇಜರ್ ಜೂನಿಯರ್ ಆಡಿದಂವ ಅಮೆರಿಕದ ಕಾಲೇಜು ತಂಡದಾಗ ಆಡಂಗಿಲ್ಲ. ಇಂವಗ ಕಾಲೇಜಿಗೆ ಹೋಗೂದಿತ್ತು. ಹಂಗಾಗಿ ಒಂದು ಮೆಟ್ಟಲಾ ಕೆಳಗಿಳಿದು ಜೂನಿಯರ್ ಎ ಲೀಗ್‌ನಾಗ ಬ್ರೂಕ್ಸ್ ಬ್ಯಾಂಡಿಟ್ಸ್ ಸೇರಿದ. ಬ್ರೂಕ್ಸ್ ನಾ ನೋಡೀನಿ. ಕ್ಯಾಲ್ಗರಿಯಿಂದ ಹೆದ್ದಾರಿ ಹಿಡಿದು ಆಗ್ನೇಯಕ್ಕ ಎರಡು ತಾಸು. ಎಡಕ್ಕ ಬಲಕ್ಕ ಬರೇ ಬಯಲು, ನಮ್ಮ ನವಲಗುಂದದ ಎರಿ ಹೊಲಕ್ಕ ಹಿಮಾ ಸುರುವಿದಂಗ. ಸುಮಾರು 15 ಸಾವಿರ ಮಂದಿ ಊರು, ದೊಡ್ಡದೊಂದು ಮಾಂಸದ ಕಾರ್ಖಾನಿ, ಅದರಾಗ ದುಡಿಯಾಕ ಎಲ್ಲೆಲ್ಲಿಂದೋ ಬಂದ ಮಂದಿ. ಚಳಿಗಾಲದ ಶನಿವಾರ ಸಂಜಿಮುಂದ ಅಲ್ಲಿ ರಿಂಕ್ ಬಿಟ್ರ ಹೋಗಾಕ ಬ್ಯಾರೆ ಜಾಗ ಇಲ್ಲ.

ಅಲ್ಲಿ ಪೂರಾ ಎರಡು ಹಂಗಾಮು ಆಡಿದ. ಮೊದಲನೇದರಾಗ 54 ಆಟಕ್ಕ 10 ಗೋಲು, 45 ಅಸಿಸ್ಟ್ (ಬ್ಯಾರೆಯವರ ಗೋಲಿಗೆ ಪಾಸ್ ಕೊಟ್ಟದ್ದು). ಎರಡನೇದರಾಗ ಅಷ್ಟೇ ಆಟಕ್ಕ 24 ಗೋಲು, 51 ಅಸಿಸ್ಟ್. ಡಿಫೆನ್ಸ್ ಹುಡುಗ 24 ಗೋಲು! 2017ರ ರಾಷ್ಟ್ರೀಯ ಜೂನಿಯರ್ ಎ ಫೈನಲ್‌ನಾಗ ಬ್ರೂಕ್ಸ್ ಸೋತಿತು. ಆತಿಥೇಯ ಕೋಬರ್ಗ್ ಹೆಚ್ಚುವರಿ ಸಮಯದಾಗ ಹೊಡೀತು.

———

ಪೊನ್ನಂಪೇಟೆ ಸ್ಟಿಕ್ — ಭಾನುವಾರ ಬೆಳಿಗ್ಗೆ

ಕೊಡಗಿನಿಂದ ನಮಸ್ಕಾರ. ನಮಗೆ ಹಾಕಿ ಅಂದ್ರೆ ಮೈದಾನದ ಹಾಕಿ, ಐಸ್ ಇರೋದು ಫ್ರಿಜ್‌ನಲ್ಲಿ 😄 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾದಾಗಿಂದ ನಮ್ಮ ಮನೆತನ ಒಂದು ವರ್ಷವೂ ತಪ್ಪಿಸಿಲ್ಲ. ನಾನು ಫುಲ್‌ಬ್ಯಾಕ್. ನಾಲ್ಕು ವರ್ಷದಲ್ಲಿ ಹೊಡೆದ ಗೋಲು ಸೊನ್ನೆ, ತಿಂದ ಪೆಟ್ಟು ಲೆಕ್ಕಕ್ಕಿಲ್ಲ.

ಕೇಳಬೇಕು ಅಂತಿದ್ದೆ. ಡಿಫೆನ್ಸ್ ಆಡೋನು 24 ಗೋಲು ಹೊಡೆದ ಅಂದ್ರೆ ಅದು ನಮ್ಮ ರಘುನಾಥ್ ಥರಾನಾ? ಪೆನಾಲ್ಟಿ ಕಾರ್ನರ್ ಸಿಕ್ಕಾಗ ಹಿಂದಿನಿಂದ ಬಂದು ಡ್ರ್ಯಾಗ್ ಫ್ಲಿಕ್ ಹೊಡೆದು, ಮತ್ತೆ ಹಿಂದೆ ಹೋಗಿ ಕಾಯೋದು?

———

ಡೆನ್ವರ್ ಬಿಸಿಬೇಳೆ — ಭಾನುವಾರ ಬೆಳಿಗ್ಗೆ

ಒಳ್ಳೆ ಪ್ರಶ್ನೆ. ಅರ್ಧ ಹೌದು. ಐಸ್ ಹಾಕಿಯಲ್ಲಿ ಪೆನಾಲ್ಟಿ ಕಾರ್ನರ್ ಇಲ್ಲ, ಪವರ್ ಪ್ಲೇ ಇದೆ. ಎದುರಾಳಿ ತಪ್ಪು ಮಾಡಿದ್ರೆ ಅವರ ಆಟಗಾರ ಒಬ್ಬ ಎರಡು ನಿಮಿಷ ಹೊರಗೆ ಕೂರ್ತಾನೆ, ಆಗ ಐವರ ಎದುರು ನಾಲ್ವರು. ಆ ಹೊತ್ತಲ್ಲಿ ಎದುರಾಳಿ ವಲಯ ಶುರುವಾಗೋ ನೀಲಿ ಗೆರೆ ಮೇಲೆ ನಿಂತು ಪಕ್ (ಚೆಂಡಿನ ಬದಲಿಗಿರೋ ರಬ್ಬರ್ ಬಿಲ್ಲೆ) ಹಂಚೋನು ಸಾಮಾನ್ಯವಾಗಿ ಡಿಫೆನ್ಸ್‌ಮನ್.

ಆದ್ರೆ ರಘುನಾಥ್ ಹೋಲಿಕೆ ಪೂರ್ತಿ ಕೂಡಲ್ಲ. ಮಕಾರ್ ಹೊಡೆತದಿಂದ ಹೆಸರಾದೋನಲ್ಲ, ಕಾಲಿಂದ. ಗೆರೆ ಮೇಲೆ ಅಡ್ಡ ಜಾರ್ತಾ ಭುಜ ಒಂದು ಕಡೆ ಅಲ್ಲಾಡಿಸಿ, ಸೊಂಟ ಬಿಚ್ಚಿ, ಎರಡು ಹಿಮ್ಮಡಿ ಎದುರುಬದುರಾಗಿ ಬರೋ ಹಾಗೆ ತಿರುಗ್ತಾನೆ. ಎದುರಿಗಿದ್ದೋನು ಭುಜ ನಂಬಿ ಹೋಗಿರ್ತಾನೆ, ಕಾಲು ಇನ್ನೊಂದು ಕಡೆ ಹೋಗಿರುತ್ತೆ. ಎತ್ತರ 5 ಅಡಿ 11 ಇಂಚು, ಈ ಲೀಗಲ್ಲಿ ಡಿಫೆನ್ಸ್‌ಗೆ ಅದು ದೊಡ್ಡ ದೇಹವೇನಲ್ಲ.

ನಮ್ಮ ಅವಲಾಂಚ್‌ಗೆ ಬಂದ ಕಥೆಯೂ ಮಜವಾಗಿದೆ. 2016-17ರಲ್ಲಿ ನಾವು ಎಷ್ಟು ಕೆಟ್ಟದಾಗಿ ಆಡಿದ್ವಿ ಅಂದ್ರೆ 82 ಆಟಕ್ಕೆ 48 ಅಂಕ, ಲೀಗ್‌ಗೇ ಕೊನೆ. ಆ ವರ್ಷ ಟಿಕೆಟ್ ಪುಕ್ಕಟೆ ಕೊಟ್ರೂ ಆಫೀಸಲ್ಲಿ ಯಾರೂ ಮುಟ್ತಿರಲಿಲ್ಲ. ಕೊನೆ ಬಂದವರಿಗೆ ಮೊದಲ ಆಯ್ಕೆ ಸಿಗುತ್ತೆ ಅಂದ್ಕೊಂಡ್ರೆ, ಲಾಟರಿಯಲ್ಲಿ ನಾಲ್ಕಕ್ಕೆ ಜಾರಿದ್ವಿ. ಎಲ್ರೂ ತಲೆ ಮೇಲೆ ಕೈ ಹೊತ್ಕೊಂಡು ಕೂತ್ರು. 2017ರ ಜೂನ್‌ನಲ್ಲಿ ಚಿಕಾಗೋದಲ್ಲಿ ಡ್ರಾಫ್ಟ್, ಅಂದ್ರೆ ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸೋದು, ನಡೀತು. ಮೊದಲನೇದು ಹಿಶಿಯರ್, ಎರಡನೇದು ನೋಲನ್ ಪ್ಯಾಟ್ರಿಕ್, ಮೂರನೇದು ಫಿನ್ಲೆಂಡಿನ ಹೈಸ್ಕನೆನ್, ನಾಲ್ಕಕ್ಕೆ ಮಕಾರ್. ಇವತ್ತು ಕೇಳಿದ್ರೆ ಆ ಲಾಟರಿ ಸೋತಿದ್ದಕ್ಕೆ ಡೆನ್ವರ್‌ನಲ್ಲಿ ದೀಪ ಹಚ್ಚೋರಿದ್ದಾರೆ.

———

ಲೆಕ್ಕದ ಮೇಷ್ಟ್ರು — ಭಾನುವಾರ ಮಧ್ಯಾಹ್ನ

ಮಧ್ಯೆ ಬಾಯಿ ಹಾಕ್ತಿದೀನಿ ಅಂತ ಬೇಸರ ಬೇಡ. ಇಂಥ ಕಥೆ ಕೇಳಿದಾಗೆಲ್ಲ ನನಗೊಂದು ಅನುಮಾನ. ಗೆದ್ದವನ ಹಿಂದೆ ತಿರುಗಿ ನೋಡಿದ್ರೆ ಅವನು ಇಟ್ಟ ಹೆಜ್ಜೆಯೆಲ್ಲ ಜಾಣತನವೇ ಆಗಿ ಕಾಣುತ್ತೆ. ಎಂಟನೇ ಸುತ್ತಲ್ಲಿ ಆಯ್ಕೆಯಾದ ಬಾಕಿ ಹುಡುಗರೆಲ್ಲಿ? ಅವರ ಕಥೆ ಬರೆಯೋರಿಲ್ಲ.

ತಡವಾಗಿ ಹೋಗೋದೇ ಸರಿ ಅನ್ನೋದಕ್ಕೂ ಪುರಾವೆ ಇಲ್ಲ. ಬಾಬಿ ಆರ್ 1966ರಲ್ಲಿ 18ಕ್ಕೇ ಬಾಸ್ಟನ್‌ಗೆ ಆಡಿದ, ಇಡೀ ಡಿಫೆನ್ಸ್ ಆಟದ ಚಹರೆಯೇ ಬದಲಾಯ್ತು. ಮೊನ್ನೆ 2025ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಮ್ಯಾಥ್ಯೂ ಶೇಫರ್ ಕೂಡ ಡಿಫೆನ್ಸ್. ಮೇಜರ್ ಜೂನಿಯರ್‌ನಿಂದ ನೇರ ಎನ್‌ಎಚ್‌ಎಲ್‌ಗೆ ಬಂದ, 18ಕ್ಕೆ. ಮಕಾರ್ ಜೊತೆಗೇ ಆಯ್ಕೆಯಾದ ಹೈಸ್ಕನೆನ್ ಇವನಿಗಿಂತ ಮುಂಚೆ ಬಂದು ಚೆನ್ನಾಗೇ ಆಡ್ತಿದಾನೆ.

ಅಪ್ಪಾಜಿಯವರೇ, ನಿಮ್ಮ ಮಗನಿಗೆ ಮಕಾರ್ ಕಥೆ ಹೇಳಿ, ಬೇಡ ಅನ್ನಲ್ಲ. ಆದ್ರೆ ಅದನ್ನ ನಕ್ಷೆ ಅಂತ ಹಿಡ್ಕೊಂಡು ದುಡ್ಡು ಸುರೀಬೇಡಿ.

———

ಆಮ್ಹರ್ಸ್ಟ್ ಅಕ್ಕ — ಭಾನುವಾರ ಸಂಜೆ

ಮೇಷ್ಟ್ರೇ, ನಕ್ಷೆ ಅಲ್ಲ ಅನ್ನೋದು ಒಪ್ಪಿದೆ. ಆದ್ರೆ ನಾನು ಕಣ್ಣಾರೆ ಕಂಡಿದ್ದನ್ನ ಹೇಳ್ತೀನಿ, ಆಮೇಲೆ ನಿಮ್ಮ ಲೆಕ್ಕ ಹಾಕಿ.

2017ರಿಂದ 2019ರ ತನಕ ನಾನು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕ್ಯಾಂಪಸ್‌ನಲ್ಲಿ ಎಂ.ಎಸ್. ಮಾಡ್ತಿದ್ದೆ. ಮಂಡ್ಯದ ಹುಡುಗಿ, ಹಿಮ ನೋಡಿದ್ದೇ ಆ ವರ್ಷ. ರೂಮ್‌ಮೇಟ್ ಎಳ್ಕೊಂಡು ಹೋದ್ಲು ಅಂತ ಮೊದಲ ಸಲ ಮಲಿನ್ಸ್ ಸೆಂಟರ್‌ಗೆ ಹೋದಾಗ ಅರ್ಧ ಸೀಟು ಖಾಲಿ. ಯಾಕೆ ಅಂದ್ರೆ ಹಿಂದಿನ ವರ್ಷ ಈ ತಂಡ ಗೆದ್ದಿದ್ದು ಬರೀ 5 ಆಟ. ಐದು! ಸೋತಿದ್ದು 29. ಕೋಚ್ ಗ್ರೆಗ್ ಕಾರ್ವೆಲ್ ಆಗಷ್ಟೇ ಬಂದಿದ್ರು. ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ ನಾಲ್ಕನೆಯವನಾಗಿ ಆಯ್ಕೆಯಾದ ಹುಡುಗ ಇಂಥ ತಂಡಕ್ಕೆ ಬಂದು ಸೇರ್ತಾನೆ ಅಂದ್ರೆ ನಮ್ಮ ಕಡೆ "ತಲೆ ಕೆಟ್ಟಿದ್ಯಾ" ಅಂತಾರೆ. ಅವನು ಈ ಕಾಲೇಜಿಗೆ ಕೊಟ್ಟ ಮಾತು ತಪ್ಪಲಿಲ್ಲ ಅಷ್ಟೇ.

ಮೊದಲ ವರ್ಷ ಏನೂ ಸಿಡಿಲು ಬಡೀಲಿಲ್ಲ, ಇದನ್ನ ಯಾರೂ ಹೇಳಲ್ಲ. 34 ಆಟಕ್ಕೆ 21 ಅಂಕ (ಗೋಲು, ಅಸಿಸ್ಟ್ ಎರಡೂ ಸೇರಿ). ಅದರ ನಡುವೆ 2018ರ ಹೊಸ ವರ್ಷದ ಹೊತ್ತಿಗೆ ಕೆನಡಾದ 20ರ ಒಳಗಿನವರ ತಂಡಕ್ಕೆ ಆಡೋಕೆ ಬಫಲೋಗೆ ಹೋಗಿ ಚಿನ್ನ ತಂದ. 7 ಆಟಕ್ಕೆ 8 ಅಂಕ, ಹೆಚ್ಚಿನದು ಪವರ್ ಪ್ಲೇಯಲ್ಲಿ.

ಆ ಬೇಸಿಗೆಗೇ ಕಾಲೇಜು ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಎರಡನೇ ವರ್ಷ ನೋಡಿ: 41 ಆಟಕ್ಕೆ 16 ಗೋಲು, 33 ಅಸಿಸ್ಟ್. ಐದು ಗೆದ್ದಿದ್ದ ತಂಡ 31 ಗೆದ್ದಿತು. ಫೆಬ್ರವರಿ ಹೊತ್ತಿಗೆ ಟಿಕೆಟ್‌ಗೆ ಕ್ಯೂ. ನನಗೆ ನೆನಪಿರೋದು ಗೋಲು ಅಲ್ಲ, ಒಂದು ಸದ್ದು. ಅವನು ನಮ್ಮ ಗೋಲಿನ ಹಿಂದೆ ಪಕ್ ತಗೊಂಡು ತಿರುಗಿದ ಕೂಡ್ಲೆ ಇಡೀ ವಿದ್ಯಾರ್ಥಿಗಳ ಗ್ಯಾಲರಿ ಕೂತಿದ್ದ ಕಡೆಯಿಂದ ಎದ್ದೇಳೋದು. ಮಡಚೋ ಸೀಟುಗಳು ಒಂದರ ಹಿಂದೊಂದು ಪಟಪಟ ಅಂತ ಮೇಲೆ ಬಡಿಯೋದು. ಇನ್ನೂ ಏನೂ ಆಗಿರ್ತಿರಲಿಲ್ಲ, ಪಕ್ ಇನ್ನೂ ನಮ್ಮ ತುದಿಯಲ್ಲೇ ಇರ್ತಿತ್ತು.

———

ಚಳಿಯಲ್ಲಿ ಧಾರವಾಡ — ಭಾನುವಾರ ಸಂಜೆ

ಅಕ್ಕಾರ, ಸೀಟಿನ ಸದ್ದು ಓದಿ ಮೈ ಜುಮ್ ಅಂತು ನೋಡ್ರಿ.

———

ಡೆನ್ವರ್ ಬಿಸಿಬೇಳೆ — ಭಾನುವಾರ ರಾತ್ರಿ

ಮುಂದಿನ ನಾಲ್ಕು ದಿನ ನಾನು ಹೇಳ್ತೀನಿ, ಯಾಕೆಂದ್ರೆ ಕೊನೇ ದಿನ ನಾನು ಅಲ್ಲೇ ಇದ್ದೆ.

2019ರ ಏಪ್ರಿಲ್ 12, ಶುಕ್ರವಾರ. ಬಫಲೋದಲ್ಲಿ ಮಕಾರ್‌ಗೆ ಹೋಬಿ ಬೇಕರ್ ಪ್ರಶಸ್ತಿ. ಅಮೆರಿಕದ ಕಾಲೇಜು ಹಾಕಿಯಲ್ಲಿ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡೋದು. 13, ಶನಿವಾರ. ಅದೇ ಊರಲ್ಲಿ ಕಾಲೇಜು ಫೈನಲ್, ಮಿನೆಸೋಟ ಡುಲೂತ್ ಎದುರು 0-3 ಸೋಲು. 14, ಭಾನುವಾರ. ಅವಲಾಂಚ್ ಜೊತೆ ಒಪ್ಪಂದಕ್ಕೆ ಸಹಿ. 15, ಸೋಮವಾರ ರಾತ್ರಿ. ಡೆನ್ವರ್‌ನಲ್ಲಿ ಸ್ಟಾನ್ಲಿ ಕಪ್ (ಎನ್‌ಎಚ್‌ಎಲ್ ಪಟ್ಟ) ಪ್ಲೇಆಫ್, ಅಂದ್ರೆ ಲೀಗ್ ಮುಗಿದ ಮೇಲಿನ ನಾಕೌಟ್ ಸರಣಿ, ಮೊದಲ ಸುತ್ತಿನ ಮೂರನೇ ಆಟ. ಎದುರಾಳಿ ಯಾರು ಹೇಳಿ? ಕ್ಯಾಲ್ಗರಿ ಫ್ಲೇಮ್ಸ್. ಹುಟ್ಟೂರು. ಚಿಕ್ಕಂದಿನ ತಂಡ.

ಗೆಳೆಯನ ಹತ್ರ ಒಂದು ಟಿಕೆಟ್ ಮಿಕ್ಕಿತ್ತು, ಮೇಲಿನ ಮೂಲೆ ಸೀಟು. ನಮ್ಮ ಅಕ್ಕಪಕ್ಕದವರೆಲ್ಲ ಮಾತಾಡ್ತಿದ್ದಿದ್ದು ಒಂದೇ: ಶನಿವಾರ ಕಾಲೇಜು ಹುಡುಗರ ಜೊತೆ ಆಡಿದವನನ್ನ ಸೋಮವಾರ ಗಂಡಸರ ಮಧ್ಯೆ, ಅದೂ ಪ್ಲೇಆಫ್‌ನಲ್ಲಿ ಇಳಿಸೋದು ಹುಚ್ಚು. ಅವನು ಎನ್‌ಎಚ್‌ಎಲ್‌ನ ಒಂದು ಮಾಮೂಲಿ ಆಟವನ್ನೂ ಆಡಿರಲಿಲ್ಲ. ಮೊದಲ ಅವಧಿ ಮುಗಿಯೋಕೆ ನಾಲ್ಕು ನಿಮಿಷ ಇತ್ತು. ನಮ್ಮ ತಂಡದ ಮೆಕಿನನ್ ಪಕ್ ತಗೊಂಡು ನುಗ್ತಿದ್ದ, ಮಕಾರ್ ಹಿಂದಿನಿಂದ ಜೊತೆಗೆ ಬಂದ, ಪಾಸ್ ಸಿಕ್ತು, ಹೊಡೆದ. ಗೋಲು. ಅವನ ಮೊದಲ ಶಾಟ್ ಅದು. ಪಕ್ಕದಲ್ಲಿದ್ದ ಅಜ್ಜ ಒಬ್ರು ಗುರುತು ಪರಿಚಯ ಇಲ್ಲದ ನನ್ನನ್ನ ತಬ್ಕೊಂಡು, ನನ್ನ ಬಿಯರ್ ನನ್ನ ಮೇಲೇ ಚೆಲ್ಲಿದ್ರು. ಆಟ 6-2 ಗೆದ್ವಿ, ಸರಣಿ 4-1.

———

ಚಳಿಯಲ್ಲಿ ಧಾರವಾಡ — ಭಾನುವಾರ ರಾತ್ರಿ

ಗಾಯಕ್ಕ ಉಪ್ಪು ಸವರ್ರಿ, ಸವರ್ರಿ. ಅವತ್ತು ಟಿವಿ ಮುಂದ ನಮ್ಮ ಮಗಳು ಫ್ಲೇಮ್ಸ್ ಜರ್ಸಿ ಹಾಕ್ಕೊಂಡು ಕುಂತಿದ್ಲು. ಗೋಲ್ ಆದಕೂಡ್ಲೆ "ಅಪ್ಪಾ, ಅಂವ ನಮ್ಮೂರಂವ, ಚಪ್ಪಾಳಿ ಹೊಡೀಲೋ ಬ್ಯಾಡೋ?" ಅಂತ ಕೇಳಿದ್ಲು. ನಾ ಏನ್ ಹೇಳ್ಲಿ?

———

ಹಾಕಿ ಅಮ್ಮ, ಸರ್ರಿ — ಸೋಮವಾರ ಬೆಳಿಗ್ಗೆ

ಎಲ್ರೂ ಪ್ರಶಸ್ತಿ, ಗೋಲು ಅಂತ ಹೊರಟ್ರಿ. ಚಾಮರಾಜಪೇಟೆಯವರು ಕೇಳಿದ್ದು 13 ವರ್ಷದ ಹುಡುಗನ ಬಗ್ಗೆ ಮಾರಾಯ್ರೆ.

ನನ್ನ ಮಗಳಿಗೂ ಈಗ 15, ಅವಳೂ ಡಿಫೆನ್ಸ್. ನಾವು ಪುತ್ತೂರಿನವರು, ಈಗ ವ್ಯಾಂಕೂವರ್ ಪಕ್ಕ ಸರ್ರಿ. ಬೆಳಿಗ್ಗೆ ಐದೂಮುಕ್ಕಾಲಿಗೆ ಐಸ್ ಸಿಕ್ಕಿದ್ರೆ ಪುಣ್ಯ. ಕಾರಿನ ಡಿಕ್ಕಿಯಲ್ಲಿ ಅವಳ ಹಾಕಿ ಬ್ಯಾಗು. ಆ ವಾಸನೆಗೆ ಹೋಲಿಸಿದ್ರೆ ನಮ್ಮೂರ ಒಣಮೀನು ಸುಗಂಧ. ಎರಡು ವರ್ಷದ ಹಿಂದೆ ನಾವೂ ಒಂದು ಅಕಾಡೆಮಿಗೆ ದುಡ್ಡು ಕಟ್ಟಿದ್ದೆವು. ಯಾವುದು ಅಂತ ಹೇಳುವುದಿಲ್ಲ, ಜಗಳ ಬೇಡ. ಜರ್ಸಿ ಚಂದ, ಬಸ್ಸು ಚಂದ. ತಂಡದಲ್ಲಿ ಎಂಟು ಮಂದಿ ಡಿಫೆನ್ಸ್ ಇಟ್ಟುಕೊಂಡಿದ್ರು. ಒಂದು ಆಟದಲ್ಲಿ ಇಳಿಸುವುದು ಆರು ಜನರನ್ನ. ನನ್ನ ಮಗಳು ಏಳನೆಯವಳು. ಗೋಪುರದ ಹಾಗೆ ನಿಂತಿರ್ತಿದ್ಲು, ಬಾಗಿಲ ಹತ್ರ. ಸ್ಕೌಟ್ ಬಂದ್ರೂ ಏನು ನೋಡುವುದು, ನಿಂತದ್ದನ್ನ?

ಮರುವರ್ಷ ಕೆಳಗಿನ ತಂಡಕ್ಕೆ ಹಾಕಿದೆವು. ಅಲ್ಲಿ ಅರ್ಧ ಆಟ ಅವಳೇ ಐಸ್ ಮೇಲೆ. ತಪ್ಪು ಮಾಡಿದ್ಲು, ಪಕ್ ಕಳಕೊಂಡ್ಲು, ಅದೇ ಪಾಳಿಯಲ್ಲಿ ಹಿಂದೆ ಓಡಿ ಹೋಗಿ ಅದನ್ನ ಸರಿಮಾಡುವುದನ್ನೂ ಕಲಿತ್ಲು. ಡಿಫೆನ್ಸ್‌ನವರಿಗೆ ಮುಖ್ಯ ಇದೇ. ಮುಂದಾಳು ತಪ್ಪಿದ್ರೆ ಅವಕಾಶ ತಪ್ಪಿತು ಅಷ್ಟೆ; ಇವರು ತಪ್ಪಿದ್ರೆ ಗೋಲು, ಇಡೀ ರಿಂಕ್ ಇವರನ್ನೇ ನೋಡ್ತದೆ. ಬೆಂಚಿನಲ್ಲಿ ಕೂತವರಿಗೆ ಆ ಧೈರ್ಯ ಬರುವುದಿಲ್ಲ.

ಮಕಾರ್ ಬ್ರೂಕ್ಸ್‌ನಂಥ ಊರಿಗೆ ಹೋದದ್ದು, ಸೋಲುವ ಕಾಲೇಜಿಗೆ ಹೋದದ್ದು, ಎರಡರಲ್ಲೂ ನನಗೆ ಕಾಣುವುದು ಇಷ್ಟೇ: ಎಲ್ಲಿ ಪಕ್ ನನ್ನ ಕೋಲಿಗೆ ಹೆಚ್ಚು ಸಿಗ್ತದೆ ಅಂತ ನೋಡಿದ. ಜರ್ಸಿ ನೋಡ್ಲಿಲ್ಲ.

———

ಲೆಕ್ಕದ ಮೇಷ್ಟ್ರು — ಸೋಮವಾರ ಮಧ್ಯಾಹ್ನ

ಅಮ್ಮಾ, ಈ ವಾದಕ್ಕೆ ನಾನು ಸೋತೆ. ಪ್ರತಿಭೆ ಎಲ್ಲರಿಗೂ ಇರಲ್ಲ, ಆದ್ರೆ ಎಲ್ಲಿ ಹೆಚ್ಚು ಹೊತ್ತು ಆಡ್ತೀನಿ ಅನ್ನೋ ಆಯ್ಕೆ ಯಾರ ಕೈಯಲ್ಲಾದ್ರೂ ಇರುತ್ತೆ.

ಒಂದು ತಿದ್ದುಪಡಿ ಮಾತ್ರ, ಹೊಸಬರಿಗೆ ಗೊತ್ತಿರಲಿ. ಧಾರವಾಡದವರು ಹೇಳಿದ ಆ ನಿಯಮ ಈಗ ಇಲ್ಲ. 2024ರ ನವೆಂಬರ್‌ನಲ್ಲಿ ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಅದನ್ನ ತೆಗೆದುಹಾಕಿತು, 2025ರ ಆಗಸ್ಟ್‌ನಿಂದ ಮೇಜರ್ ಜೂನಿಯರ್ ಆಡಿದವರೂ ಕಾಲೇಜಿಗೆ ಆಡಬಹುದು. 15ನೇ ವಯಸ್ಸಲ್ಲಿ ಮಕಾರ್ "ಇದೋ ಅದೋ" ಅಂತ ಒಂದು ಬಾಗಿಲು ಮುಚ್ಚಿಕೊಳ್ಳಬೇಕಿತ್ತು. ನಿಮ್ಮ ಮಗನಿಗೆ ಆ ಸಂಕಟ ಇಲ್ಲ. ಅಕಾಡೆಮಿಯವರು "ಈಗ ನಿರ್ಧಾರ ಮಾಡದಿದ್ರೆ ಕಾಲೇಜು ದಾರಿ ಮುಚ್ಚಿಹೋಗುತ್ತೆ" ಅಂತ ಹೆದರಿಸಿದ್ರೆ ನಂಬಬೇಡಿ.

———

ಚಾಮರಾಜಪೇಟೆ ಅಪ್ಪ — ಸೋಮವಾರ ಸಂಜೆ

ಮೇಷ್ಟ್ರೇ, ಅವರು ಅದೇ ಮಾತು ಹೇಳಿದ್ರು! ಅಕ್ಷರಶಃ.

———

ಪೊನ್ನಂಪೇಟೆ ಸ್ಟಿಕ್ — ಸೋಮವಾರ ಸಂಜೆ

ಆಮೇಲೆ ಏನಾಯ್ತು ಅಂತ ಯಾರಾದ್ರೂ ಹೇಳಿ ಮುಗಿಸಿ. ಪ್ಲೇಆಫ್ ಗೋಲು ಆಯ್ತು, ಮುಂದೆ?

———

ಡೆನ್ವರ್ ಬಿಸಿಬೇಳೆ — ಸೋಮವಾರ ರಾತ್ರಿ

ಬೇಗ ಹೇಳ್ತೀನಿ. 2019-20 ಮೊದಲ ಪೂರ್ತಿ ಹಂಗಾಮು. ಡಿಸೆಂಬರ್‌ನಲ್ಲಿ ಗಾಯ, ಮಾರ್ಚ್‌ನಲ್ಲಿ ಕೊರೊನಾ ಬಂದು ಲೀಗೇ ನಿಂತಿತು. ಆದ್ರೂ 57 ಆಟಕ್ಕೆ 50 ಅಂಕ, ಹೊಸಬರಿಗೆ ಕೊಡೋ ಕಾಲ್ಡರ್ ಟ್ರೋಫಿ. ವ್ಯಾಂಕೂವರ್‌ನ ಕ್ವಿನ್ ಹ್ಯೂಸ್ 53 ಅಂಕ ಮಾಡಿದ್ದ, ಅವನಿಗೇ ಸಿಗಬೇಕಿತ್ತು ಅಂತ ಸರ್ರಿ ಅಮ್ಮ ಈಗ ಶುರು ಮಾಡ್ತಾರೆ ನೋಡ್ತಿರಿ.

2020-21ರಲ್ಲಿ 44 ಆಟಕ್ಕೆ 44 ಅಂಕ. ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡೋ ನಾರಿಸ್ ಟ್ರೋಫಿಯಲ್ಲಿ ಎರಡನೇ ಸ್ಥಾನ, ಗೆದ್ದಿದ್ದು ನ್ಯೂಯಾರ್ಕ್ ರೇಂಜರ್ಸ್‌ನ ಆಡಮ್ ಫಾಕ್ಸ್. ಧಾರವಾಡದವರಿಗೆ ಇನ್ನೊಂದು ಚಿಟಿಕೆ ಉಪ್ಪು: ಆ ಫಾಕ್ಸ್‌ನನ್ನ 2016ರಲ್ಲಿ ಡ್ರಾಫ್ಟ್ ಮಾಡಿದ್ದು ಕ್ಯಾಲ್ಗರಿ. ಆಮೇಲೆ ಬಿಟ್ಟುಕೊಟ್ರು.

2021-22 ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಜನವರಿ 4, ಚಿಕಾಗೋ. ಡ್ರಾಫ್ಟ್ ದಿನ ಅವನ ಹೆಸರು ಕೂಗಿದ್ದೂ ಅದೇ ಅಂಗಳದಲ್ಲಿ. ಹೆಚ್ಚುವರಿ ಸಮಯ, ಮೂವರ ಎದುರು ಮೂವರು. ನೀಲಿ ಗೆರೆ ಹತ್ರ ಚಿಕಾಗೋ ತಂಡದ ಕರ್ಬಿ ಡಾಕ್ ಎದುರಿಗೆ. ಡಾಕ್ ಎತ್ತರದ ಆಳು, ಕೈ ಚಾಚಿದ್ರೆ ಪಕ್ ಸಿಗಬೇಕು. ಮಕಾರ್ ಒಂದು ಕಡೆ ಜಾರಿದ ಹಾಗೆ ಮಾಡಿ, ಅಂಚಿನ ಮೇಲೆ ಹಿಮ ಎರಚೋ ಹಾಗೆ ನಿಂತು, ಅಲ್ಲೇ ಇನ್ನೊಂದು ಕಡೆ ತಿರುಗಿದ. ಡಾಕ್ ಬೇರೆ ಊರಿನ ಬಸ್ಸು ಹತ್ತಿದವನ ಥರ ಆ ಕಡೆಗೇ ಹೋಗಿಬಿಟ್ಟ. ಮುಂದೆ ಇದ್ದಿದ್ದು ಗೋಲಿ ಫ್ಲೂರಿ ಒಬ್ಬನೇ. ಬ್ಯಾಕ್‌ಹ್ಯಾಂಡ್‌ನಲ್ಲಿ ಮೇಲಕ್ಕೆ ಎತ್ತಿದ. ಹುಡುಗನಿಗೆ ತೋರಿಸಿ ಇದನ್ನ, ನಿಧಾನಗತಿಯಲ್ಲಿ, ಕಾಲು ನೋಡು ಅಂತ ಹೇಳಿ. ಕೈ ನೋಡಿದ್ರೆ ಏನೂ ಕಲಿಯೋಕಾಗಲ್ಲ.

ಆ ವರ್ಷ 28 ಗೋಲು, 86 ಅಂಕ, ನಾರಿಸ್ ಟ್ರೋಫಿ. ಜೂನ್ 26ರಂದು ಟ್ಯಾಂಪಾ ಸೋಲಿಸಿ ಸ್ಟಾನ್ಲಿ ಕಪ್. ಪ್ಲೇಆಫ್‌ನಲ್ಲಿ 20 ಆಟಕ್ಕೆ 29 ಅಂಕ, ಪ್ಲೇಆಫ್‌ನ ಅತ್ಯುತ್ತಮ ಆಟಗಾರನಿಗೆ ಕೊಡೋ ಕಾನ್ ಸ್ಮೈತ್ ಟ್ರೋಫಿಯೂ ಅವನಿಗೇ. ಒಂದೇ ವರ್ಷ ನಾರಿಸ್, ಕಾನ್ ಸ್ಮೈತ್ ಎರಡೂ ಗೆದ್ದವರು ಅವನಿಗಿಂತ ಮುಂಚೆ ಇಬ್ಬರೇ, ಬಾಬಿ ಆರ್ ಮತ್ತು ಲಿಡ್‌ಸ್ಟ್ರಮ್. ಆಗ ಇವನಿಗೆ 23. ಎಂಟನೇ ಸುತ್ತಲ್ಲಿ ಹೆಸರು ಬಂದು ಒಂಬತ್ತು ವರ್ಷ ಆಗಿತ್ತು.

———

ಹಾಕಿ ಅಮ್ಮ, ಸರ್ರಿ — ಸೋಮವಾರ ರಾತ್ರಿ

ಕ್ವಿನ್ ಹ್ಯೂಸ್ ವಿಷಯ ನಾನು ತೆಗೆಯುವುದಿಲ್ಲ. (ಅವನಿಗೇ ಸಿಗಬೇಕಿತ್ತು.)

ನನಗೆ ಮಕಾರ್ ಇಷ್ಟವಾದದ್ದು ಇನ್ನೊಂದು ಕಾರಣಕ್ಕೆ. 2022ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಎದುರು ಅವನು ಬಿದ್ದ. ಕಾಲು ಅಡ್ಡ ಕೊಟ್ಟದ್ದು ಅಂತ ರೆಫ್ರಿ ಬಾರ್ಜಲ್‌ಗೆ ಶಿಕ್ಷೆ ಕೊಟ್ಟರು. ಇವನೇ ಹೋಗಿ "ಅವನದ್ದೇನೂ ತಪ್ಪಿಲ್ಲ, ನಾನೇ ಬಿದ್ದದ್ದು" ಅಂತ ಹೇಳಿದ. ಶಿಕ್ಷೆ ವಾಪಸ್ ತೆಗೆದ್ರು. ಮಗಳಿಗೆ ಅದನ್ನ ತೋರಿಸಿದ್ದಕ್ಕೆ "ಮೂರ್ಖ" ಅಂದ್ಲು. 15 ವರ್ಷ ಅಲ್ಲವಾ.

———

ಆಮ್ಹರ್ಸ್ಟ್ ಅಕ್ಕ — ಮಂಗಳವಾರ ಬೆಳಿಗ್ಗೆ

ಇನ್ನೊಂದು ಮರೆತಿದ್ದೆ. ಅವನ ತಮ್ಮ ಟೇಲರ್ ಕೂಡ ಇದೇ ದಾರಿಯಲ್ಲಿ ಬಂದ. ಬ್ರೂಕ್ಸ್, ಆಮೇಲೆ ನಮ್ಮ ಆಮ್ಹರ್ಸ್ಟ್. 2021ರಲ್ಲಿ ಅವಲಾಂಚ್ ಅವನನ್ನ ತಗೊಂಡಿದ್ದು ಏಳನೇ ಸುತ್ತಲ್ಲಿ. ಒಂದೇ ಮನೆ, ಒಂದೇ ಊರು, ಒಂದೇ ಕಾಲೇಜು. ಒಬ್ಬ ನಾಲ್ಕನೆಯವನು, ಒಬ್ಬ ಕೊನೇ ಸುತ್ತು. ಮೇಷ್ಟ್ರ ವಾದಕ್ಕೆ ಬೇಕಾದ ಪುರಾವೆ ಮನೆಯೊಳಗೇ ಇದೆ.

ನಮ್ಮ ತಂಡದ ಕಥೆಯೂ ಅಲ್ಲಿಗೆ ನಿಲ್ಲಲಿಲ್ಲ. ಮಕಾರ್ ಹೋಗಿ ಎರಡು ವರ್ಷಕ್ಕೆ, 2021ರಲ್ಲಿ, ಕಾಲೇಜು ಪಟ್ಟ ಗೆದ್ವಿ. ಅವನಿಲ್ಲದೆ. ನಾನು ಆಗ ಬೆಂಗಳೂರಲ್ಲಿದ್ದೆ, ಬೆಳಗಿನ ಜಾವ ಎದ್ದು ಲ್ಯಾಪ್‌ಟಾಪ್‌ನಲ್ಲಿ ನೋಡಿದೆ. ಅಮ್ಮ ಕಾಫಿ ಲೋಟ ಇಟ್ಟು "ಯಾರದು ಮದುವೆ?" ಅಂದ್ರು.

———

ಚಾಮರಾಜಪೇಟೆ ಅಪ್ಪ — ಬುಧವಾರ ರಾತ್ರಿ

ಎಲ್ರಿಗೂ ಧನ್ಯವಾದ. ಅಕಾಡೆಮಿಗೆ ಬೇಡ ಅಂತ ಹೇಳಿಬಿಟ್ಟೆ. ಅವರು ಮೂರು ಸಲ ಫೋನ್ ಮಾಡಿದ್ರು, ಮೂರನೇ ಸಲ ರಿಯಾಯಿತಿ ಬಂತು. ಕೆಳಗಿನ ತಂಡದ ಅಭ್ಯಾಸ ನಿನ್ನೆ ಶುರುವಾಯ್ತು. ಮಗ ಒಪ್ಪಿದ, ಖುಷಿಯಿಂದ ಅಲ್ಲ. ಮೇಲಿನ ತಂಡದಲ್ಲಿರೋ ಗೆಳೆಯನ ಜೊತೆ ಸದ್ಯಕ್ಕೆ ಮಾತು ಬಿಟ್ಟಿದಾನೆ.

ಚಿಕಾಗೋ ಗೋಲಿನ ವಿಡಿಯೋ ತೋರಿಸಿದೆ. ಕಾಲು ನೋಡು ಅಂತಾನೂ ಹೇಳಿದೆ. ನಿನ್ನೆಯಿಂದ ಬೇಸ್‌ಮೆಂಟ್‌ನಲ್ಲಿ ಸಾಕ್ಸ್ ಹಾಕ್ಕೊಂಡು ಅದನ್ನೇ ಮಾಡ್ತಿದಾನೆ. ಗೌರಿ ಹಬ್ಬಕ್ಕೆ ಅಂತ ಎತ್ತಿಟ್ಟಿದ್ದ ಹಿತ್ತಾಳೆ ದೀಪದ ಕಂಬ ಡಾಕ್ ಅಂತೆ. ಒಂದು ಸಲ ಬಿದ್ದಿದೆ. ಹೆಂಡತಿಗೆ ಇನ್ನೂ ಹೇಳಿಲ್ಲ, ಇಲ್ಲಿ ಯಾರೂ ಹೇಳಬೇಡಿ.

ಒಂದು ಪ್ರಶ್ನೆ: ಐಸ್ ಮೇಲೆ ಹಾಗೆ ತಿರುಗೋಕೆ ಹೋದ್ರೆ ಇವನ ಸ್ಕೇಟ್ ಜಾರಿಬಿಡುತ್ತೆ. ಅಂಗಡಿಯವನು ಸಾಣೆ ಹಿಡಿಯುವಾಗ "ಹಾಲೋ ಎಷ್ಟು?" ಅಂತ ಕೇಳಿದ. ನಾನು ಮಿಕಮಿಕ ನೋಡಿ "ಎಲ್ರಿಗೂ ಮಾಡೋದನ್ನೇ ಮಾಡಿ" ಅಂದೆ. ಏನು ಹೇಳಬೇಕಿತ್ತು?

———

ಹಾಕಿ ಅಮ್ಮ, ಸರ್ರಿ — ಬುಧವಾರ ರಾತ್ರಿ

ಎಲ್ರಿಗೂ ಮಾಡುವುದು ಅಂದ್ರೆ ಸಾಮಾನ್ಯವಾಗಿ ಅರ್ಧ ಇಂಚು. ಬ್ಲೇಡಿನ ಕೆಳಗೆ ಉದ್ದಕ್ಕೂ ಒಂದು ತೋಡು ಇರ್ತದಲ್ಲ, ಅದರ ಬಾಗಿನ ತ್ರಿಜ್ಯದ ಲೆಕ್ಕ. ಸಂಖ್ಯೆ ಸಣ್ಣದಾದಷ್ಟೂ ತೋಡು ಆಳ, ಅಂಚು ಐಸನ್ನ ಕಚ್ಚಿ ಹಿಡೀತದೆ, ಜಾರುವ ವೇಗ ಸ್ವಲ್ಪ ಕಡಿಮೆ. ನಿಮ್ಮ ಹುಡುಗ ಹಗುರ, ಅವನ ಭಾರಕ್ಕೆ ಅಂಚು ಅಷ್ಟಾಗಿ ಕಚ್ಚುವುದಿಲ್ಲ. ಮುಂದಿನ ಸಲ ಎಂಟರಲ್ಲಿ ಮೂರು ಇಂಚು ಅಂತ ಹೇಳಿ ನೋಡಿ. ಮೊದಲ ದಿನ ನಿಲ್ಲುವಾಗ ಮುಗ್ಗರಿಸ್ತಾನೆ, ಹೆದರಬೇಡಿ.

ಮತ್ತೆ ಆ ದೀಪದ ಕಂಬ ಬಗ್ಗಿದ್ದರೆ ಹುಣಸೆಹಣ್ಣು ಹಾಕಿ ತಿಕ್ಕಿ ಇಡಿ. ಹೊಳಪು ಬಂದ್ರೆ ಬಗ್ಗಿದ್ದು ಬೇಗ ಕಾಣುವುದಿಲ್ಲ.